ಎಷ್ಟು ಹೊತ್ತಿಗೆ ಹೊರಟೆ? ಸ್ಪಿತಿಯ ಜಲ್ಲಿ ದಾರಿಯಲ್ಲಿ ಒಂಟಿ ಸೈಕಲ್

ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಸೈಕಲ್ ತುಳಿದಷ್ಟೂ ದಿನ ಜನ ನನ್ನನ್ನು ಎರಡೇ ಪ್ರಶ್ನೆ ಕೇಳಿದರು. ಮೊದಲನೆಯದು, "ಒಬ್ಬಳೇನಾ?" ಹೌದು ಅಂದರೆ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಎರಡನೆಯದು, "ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಟೆ?" ಇದಕ್ಕೆ ಉತ್ತರ ಕೇಳಿದ ಮೇಲೆ ಮಾತ್ರ ಎಲ್ಲರೂ ಒಂದೇ ಥರ ಲೊಚಗುಟ್ಟುತ್ತಿದ್ದರು. ನಲವತ್ತೆರಡರ ಹೆಂಗಸು ಒಂಟಿಯಾಗಿ ಬಂದದ್ದು ಅವರಿಗೆ ಅಂಥ ದೊಡ್ಡ ವಿಷಯ ಅಲ್ಲ. ಒಂಬತ್ತು ಗಂಟೆಗೆ ಹೊರಟಿದ್ದೇ ತಪ್ಪು.

ನಾನು ಬೆಳಿಗ್ಗೆ ಬೇಗ ಏಳುವ ಪೈಕಿ ಅಲ್ಲ. ಈ ಕಥೆಯಲ್ಲಿ ನಡೆದ ಎಲ್ಲ ಎಡವಟ್ಟಿಗೂ ಮೂಲ ಅದೇ.

ಕಾಜಾ: ಸುಮ್ಮನೆ ಕೂತ ಎರಡು ದಿನ

ಹೋಗಿ ಸೇರಿದ ಕಥೆ ಉದ್ದ ಮಾಡಲ್ಲ. ಶಿಮ್ಲಾ, ರೆಕಾಂಗ್ ಪಿಯೋ, ಅಲ್ಲಿಂದ ಸ್ಪಿತಿಯ ಮುಖ್ಯ ಪೇಟೆ ಕಾಜಾಕ್ಕೆ ಬಸ್ಸು. ಮನಾಲಿ ಕಡೆಯಿಂದ ದಾರಿ ಹತ್ತಿರ, ಆದರೆ ಒಂದೇ ದಿನದಲ್ಲಿ ಕುಂಜುಮ್ ಅನ್ನುವ ಎತ್ತರದ ಘಾಟಿ ಹತ್ತಿಸಿ ಇಳಿಸಿಬಿಡುತ್ತದೆ. ತಲೆನೋವು ಬರದಿದ್ದರೆ ನಿಮ್ಮ ಪುಣ್ಯ. ನಾನು ಬಂದ ಕಿನ್ನೌರ್ ಕಡೆಯಿಂದ ಎತ್ತರ ನಿಧಾನಕ್ಕೆ ಏರುತ್ತದೆ, ಮೈ ಒಗ್ಗಿಕೊಳ್ಳುವುದಕ್ಕೆ ಪುರಸೊತ್ತು ಸಿಗುತ್ತದೆ. ಆಗಸ್ಟ್ ಮೊದಲ ವಾರ ಬೇರೆ. ಕಿನ್ನೌರ್‌ನಲ್ಲಿ ಒಂದು ಕಡೆ ಗುಡ್ಡ ಜರಿದು ಮೂರು ಗಂಟೆ ಕಾದೆವು. ಸ್ಪಿತಿಯೊಳಗೆ ಕಾಲಿಟ್ಟರೆ ಮಳೆಯ ಸುಳಿವೇ ಇಲ್ಲ. ಮುಂಗಾರಿನ ಮೋಡವೆಲ್ಲ ದಕ್ಷಿಣದ ಬೆಟ್ಟಸಾಲಿಗೆ ಡಿಕ್ಕಿ ಹೊಡೆದು ಆಚೆಯೇ ಸುರಿದುಬಿಡುತ್ತದೆ. ಈಚೆಗೆ ಬರುವುದು ಬರೀ ಬಿಸಿಲು ಮತ್ತು ಧೂಳು.

ಸೈಕಲ್ಲನ್ನು ಬಸ್ಸಿನ ಮೇಲೆ ಕಟ್ಟಿದ್ದು ನಾನೇ. ಹಿಂದಿನ ಚಕ್ರದ ಗೇರ್ ಬದಲಿಸುವ ಡಿರೈಲರ್ ಬಿಚ್ಚಿ ಬಟ್ಟೆ ಸುತ್ತಬೇಕಿತ್ತು, ಸೋಮಾರಿತನಕ್ಕೆ ಬಿಟ್ಟೆ. ಕಾಜಾದಲ್ಲಿ ಇಳಿಸಿ ನೋಡಿದರೆ ಅದು ಚಕ್ರದ ಕಡೆಗೆ ವಾಲಿಕೊಂಡಿದೆ. ಡಿರೈಲರ್ ನೇತಾಡುವ ಚಿಕ್ಕ ಲೋಹದ ತುಂಡಿಗೆ ಹ್ಯಾಂಗರ್ ಅನ್ನುತ್ತಾರೆ. ಬಿದ್ದಾಗ ಫ್ರೇಮ್ ಹಾಳಾಗುವ ಬದಲು ತಾನು ಬಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರ, ಹೋದಲ್ಲೆಲ್ಲ ಸಿಗಲ್ಲ. ನನ್ನ ಹತ್ತಿರ ಇನ್ನೊಂದು ಇತ್ತು. ಮನೆಯ ಡ್ರಾಯರ್‌ನಲ್ಲಿ ಭದ್ರವಾಗಿತ್ತು.

ಬೈಕ್ ರಿಪೇರಿ ಅಂಗಡಿಯ ಹುಡುಗನೊಬ್ಬ ಐದು ನಿಮಿಷ ಅದನ್ನು ದಿಟ್ಟಿಸಿದ. ಮಾತೇ ಇಲ್ಲ. ಆಮೇಲೆ ಗುಜರಿ ರಾಶಿಯಿಂದ ಯಾವುದೋ ಹಳೆ ಸೈಕಲ್ಲಿನ ಹಿಂದಿನ ಆಕ್ಸಲ್ ಹುಡುಕಿ ತಂದ. ಅದರ ಥ್ರೆಡ್ ಹ್ಯಾಂಗರ್ ತೂತಿಗೆ ಸರಿಯಾಗಿ ಕೂತಿತು. ಅದನ್ನೇ ಹಿಡಿ ಮಾಡಿಕೊಂಡು ಇಷ್ಟಿಷ್ಟೇ ಎಳೆದು ನೆಟ್ಟಗೆ ಮಾಡಿದ. ನೂರು ರೂಪಾಯಿ ಕೊಟ್ಟರೆ ಐವತ್ತು ವಾಪಸ್ ಕೊಟ್ಟ. ಅತಿ ಹಗುರದ ಗೇರ್ ಕಡೆತನಕ ಸ್ವಲ್ಪ ಕಟಕಟ ಅನ್ನುತ್ತಲೇ ಇತ್ತು, ಆದರೆ ಕೈಕೊಡಲಿಲ್ಲ.

ಕಾಜಾ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ಲೆಕ್ಕದಲ್ಲಿ ಕೇಳಿದರೆ ಏನೂ ಅನ್ನಿಸಲ್ಲ. ಗೆಸ್ಟ್‌ಹೌಸಿನ ಹದಿನೆಂಟು ಮೆಟ್ಟಿಲು ಹತ್ತಿ ರೂಮಿನ ಬೀಗ ತೆಗೆಯುವ ಮೊದಲು ಬಾಗಿಲಿಗೆ ಒರಗಿ ನಿಂತಾಗ ಅರ್ಥವಾಯಿತು. ಎರಡು ದಿನ ಬರೀ ನೀರು ಕುಡಿದೆ, ತುಕ್ಪಾ ಅನ್ನುವ ನೂಡಲ್ಸ್ ಸೂಪು ತಿಂದೆ, ಪೇಟೆಯಲ್ಲಿ ಅಲೆದೆ. ಬೇಕಾಗುವಷ್ಟು ನಗದು ಇಲ್ಲೇ ಹೊಂದಿಸಿಕೊಳ್ಳಿ. ಮುಂದಿನ ಹಳ್ಳಿಗಳಲ್ಲಿ ಎಟಿಎಂ ಇಲ್ಲ, ಕಾಜಾದ ಎಟಿಎಂನಲ್ಲೂ ನಾನು ಹೋದ ಮೊದಲ ದಿನ ದುಡ್ಡಿರಲಿಲ್ಲ.

ಮೊದಲ ದಿನ: ಲಾಂಗ್ಜಾ, ಕೋಮಿಕ್, ಹಿಕ್ಕಿಂ

ಗಂಟುಮೂಟೆ ರೂಮಿನಲ್ಲೇ ಬಿಟ್ಟು ಖಾಲಿ ಸೈಕಲ್ಲಿನಲ್ಲಿ ಹೊರಟೆ. ಕಾಜಾದ ನೆತ್ತಿಯ ಮೇಲೆ ಮೂರು ಹಳ್ಳಿಗಳಿವೆ. ಬೆಳಿಗ್ಗೆ ಏರಿ, ಮೂರನ್ನೂ ಸುತ್ತಿ, ಸಂಜೆಗೆ ಕೆಳಗೆ ಬಂದು ಮಲಗಿದರೆ ಎತ್ತರಕ್ಕೆ ಒಗ್ಗಿಕೊಳ್ಳಲು ಒಳ್ಳೆಯದು. ಲಾಂಗ್ಜಾಕ್ಕೆ ಹದಿನಾಲ್ಕು ಹದಿನೈದು ಕಿಲೋಮೀಟರ್ ಅಷ್ಟೇ. ನನಗೆ ಮೂರೂಕಾಲು ಗಂಟೆ ಹಿಡಿಯಿತು. ನೂರು ಸಲ ಪೆಡಲ್ ತುಳಿಯುವುದು, ನಿಲ್ಲುವುದು. ಆಮೇಲೆ ಎಂಬತ್ತು. ಆಮೇಲೆ ಎಣಿಸುವುದನ್ನೇ ಬಿಟ್ಟೆ.

ಲಾಂಗ್ಜಾದ ದೊಡ್ಡ ಬುದ್ಧ ಕಣಿವೆಯ ಕಡೆ ಮುಖ ಮಾಡಿ ಕೂತಿದ್ದಾನೆ. ಹಿಂದೆ ಚಾವ್ ಚಾವ್ ಕಾಂಗ್ ನಿಲ್ಡಾ ಶಿಖರ, 6,303 ಮೀಟರ್. ಎಲ್ಲರೂ ಬುದ್ಧನ ಫೋಟೊ ತೆಗೆಯುತ್ತಿದ್ದರು. ನಾನು ಅವನ ನೆರಳಿನಲ್ಲಿ ಕಾಲು ಚಾಚಿ ಕೂತು ಉಸಿರು ಹುಡುಕುತ್ತಿದ್ದೆ. ಇಬ್ಬರು ಚಿಕ್ಕ ಹುಡುಗರು ಬಂದು ಜೇಬಿನಿಂದ ಕಪ್ಪು ಕಲ್ಲು ತೆಗೆದು ತೋರಿಸಿದರು. ಒಡೆದ ಕಲ್ಲಿನೊಳಗೆ ಸುರುಳಿ ಸುತ್ತಿದ ಶಂಖದಂಥ ಗುರುತು. ಅಮೋನೈಟ್ ಅನ್ನುವ ಕಡಲಜೀವಿಯ ಪಳೆಯುಳಿಕೆ. ಹಿಮಾಲಯ ಏಳುವ ಮೊದಲು ಇಲ್ಲಿದ್ದ ಟೆಥಿಸ್ ಸಮುದ್ರದ ತಳವೇ ಈಗ ನಾನು ಏದುಸಿರು ಬಿಡುತ್ತಾ ಕೂತ ಗುಡ್ಡ. ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟೆ. ಕೊಳ್ಳಬೇಡಿ. ಕೊಂಡಷ್ಟೂ ಇನ್ನಷ್ಟು ಅಗೆಯುತ್ತಾರೆ. ಅದರ ಬದಲು ನನ್ನ ಹತ್ತಿರವಿದ್ದ ಕಡಲೆ ಚಿಕ್ಕಿ ಕೊಟ್ಟೆ. ವ್ಯಾಪಾರ ಅವರಿಗೂ ಒಪ್ಪಿಗೆಯಾಯಿತು.

ಟಾರು ಮುಗಿದು ಜಲ್ಲಿ ಶುರುವಾದದ್ದು ಕೋಮಿಕ್ ದಾರಿಯಲ್ಲಿ. ಇದಕ್ಕೇ ಅಲ್ವಾ ಬಂದದ್ದು! ಗ್ರಾವೆಲ್ ಸೈಕಲ್ ಅಂದರೆ ಇಷ್ಟೇ: ರೋಡ್ ಸೈಕಲ್ಲಿನ ಬಾಗಿದ ಹ್ಯಾಂಡಲ್, ಆದರೆ ದಪ್ಪ ಟೈರು. ನನ್ನದು 45 ಮಿ.ಮೀ. ಶಾಕ್ ಅಬ್ಸಾರ್ಬರ್ ಇಲ್ಲ, ಆ ಕೆಲಸವೆಲ್ಲ ಟೈರಿನದು ಮತ್ತು ಮೊಣಕೈಯದು. ಗಾಳಿ ಸ್ವಲ್ಪ ಇಳಿಸಿದೆ. ಟೈರು ಕಲ್ಲಿನ ಮೇಲೆ ಪುಟಿಯುವುದು ಬಿಟ್ಟು ಹಿಡಿದುಕೊಂಡು ಹೋಗತೊಡಗಿತು. ಸುತ್ತ ಒಂದು ಮರವಿಲ್ಲ. ಮಣ್ಣಿನ ಬಣ್ಣದ ಗುಡ್ಡ, ನಡುವೆ ಹಸಿರು ಬಾರ್ಲಿಯ ತುಂಡು ಹೊಲ, ಹೊಲದಂಚಿಗೆ ಹಿಮದ ನೀರು ತರುವ ಸಣ್ಣ ಕಾಲುವೆ. ಅದನ್ನು ಅಲ್ಲಿ ಕೂಲ್ ಅನ್ನುತ್ತಾರೆ. ಗಂಟೆಗೊಂದು ಗಾಡಿ ಬಂದರೆ ಹೆಚ್ಚು.

ಕೋಮಿಕ್ 4,500 ಮೀಟರಿಗೂ ಮೇಲಿದೆ. ಅಲ್ಲಿನ ಗೊಂಪಾದ, ಅಂದರೆ ಬೌದ್ಧ ಮಠದ ಪಕ್ಕ ಚಹಾ ಕುಡಿಯುವಾಗ ಅಲ್ಲಿದ್ದ ಲಾಮಾ ಒಬ್ಬರು ಮೊದಲ ಬಾರಿಗೆ ಆ ಎರಡನೇ ಪ್ರಶ್ನೆ ಕೇಳಿದರು. "ಒಂಬತ್ತೂವರೆ" ಅಂದೆ. ಲೊಚ್. "ಗಾಳಿ ಬರುತ್ತೆ" ಅಂದರು. ಅಷ್ಟೇ. ಆಕಾಶ ನೋಡಿದೆ, ನಿರ್ಮಲವಾಗಿತ್ತು.

ಹಿಕ್ಕಿಂನ ಅಂಚೆ ಕಚೇರಿ ಶುರುವಾದದ್ದು 1983ರಲ್ಲಿ. ಜಗತ್ತಿನಲ್ಲೇ ಅತಿ ಎತ್ತರದ್ದು ಎಂಬ ಖ್ಯಾತಿಗೆ ಜನ ಸಾಲುಗಟ್ಟಿ ಕಾರ್ಡು ಬರೆಯುತ್ತಾರೆ. ನಾನೂ ಅಮ್ಮನಿಗೆ ಒಂದು ಬರೆದೆ. ಅಡ್ರೆಸ್ ಬರೆಯುವಷ್ಟರಲ್ಲಿ ಪೆನ್ನು ಹಿಡಿದ ಬೆರಳು ಮರಗಟ್ಟಿತು. "ಕ್ಷೇಮ" ಎಂಬುದು "ಕೇಮ" ಆಗಿದೆ. ಅಮ್ಮ ಅದನ್ನು ಈಗಲೂ ಎಲ್ಲರಿಗೂ ತೋರಿಸುತ್ತಾಳೆ.

ಆಮೇಲೆ ಇಳಿಜಾರು. ಬೆಳಗಿನಿಂದ ಕಾದದ್ದು ಇದಕ್ಕೆ. ನಾಲ್ಕು ಗಂಟೆಯಾಗಿತ್ತು. ಮೊದಲ ತಿರುವು ದಾಟುತ್ತಿದ್ದಂತೆ ಎದುರಿನಿಂದ ಯಾರೋ ಎದೆಗೆ ಕೈಯಿಟ್ಟು ತಳ್ಳಿದಂತಾಯಿತು. ಲಾಮಾ ಹೇಳಿದ ಗಾಳಿ. ಬಿಸಿಲಿಗೆ ಗುಡ್ಡದ ಮೈ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಕೆಳಗಿನ ಕಣಿವೆಯ ಗಾಳಿಯೆಲ್ಲ ಅದರ ಹಿಂದೆ ಏರಿ ಬರುತ್ತದೆ. ನಾನು ಇಳಿಯುವುದೂ ಅದು ಹತ್ತುವುದೂ ಒಂದೇ ದಾರಿ. ಇಳಿಜಾರಿನಲ್ಲಿ ಪೆಡಲ್ ತುಳಿದುಕೊಂಡು ಇಳಿದೆ ಅಂದರೆ ನೀವು ನಂಬಬೇಕು. ಬಾಯಿ ತುಂಬಾ ಮಣ್ಣು.

ಎರಡನೇ ದಿನ: ಕೀ, ಕಿಬ್ಬರ್, ಚಿಚಮ್, ಲೋಸರ್

ಈ ಸಲ ಗಂಟುಮೂಟೆಯೂ ಜೊತೆಗೆ. ಕಾಜಾದಿಂದ ಲೋಸರ್‌ಗೆ ನದಿಯ ಪಕ್ಕದ ಹೆದ್ದಾರಿ ಹಿಡಿದರೆ ಸುಲಭ. ನಾನು ಮೇಲಿನ ದಾರಿ ಹಿಡಿದೆ: ಕೀ ಗೊಂಪಾ, ಕಿಬ್ಬರ್, ಚಿಚಮ್, ಅಲ್ಲಿಂದ ಕಿಯಾಟೋ ಹತ್ತಿರ ಹೆದ್ದಾರಿಗೆ ಇಳಿಯುವುದು. ಗಾಡಿಯವರು ಬರೀ ಚಿಚಮ್ ಸೇತುವೆ ನೋಡಿ ಮರಳುತ್ತಾರೆ, ಅದರಾಚೆ ದಾರಿ ಖಾಲಿ.

ಕೀ ಗೊಂಪಾದಲ್ಲಿ ಅರ್ಧ ಗಂಟೆ ಅಂದುಕೊಂಡಿದ್ದು ಒಂದೂವರೆ ಗಂಟೆ ಆಯಿತು. ಅಡುಗೆಮನೆಯಲ್ಲಿ ಗಿಡಮೂಲಿಕೆಯ ಚಹಾ ಕೊಟ್ಟರು. ಹತ್ತು ಹನ್ನೆರಡು ವರ್ಷದ ಪುಟ್ಟ ಲಾಮಾ ಒಬ್ಬ ನನ್ನ ಹೆಲ್ಮೆಟ್ ಹಾಕಿಕೊಂಡು, ಸೈಕಲ್ಲಿನ ಬ್ರೇಕ್ ಹಿಡಿದು ಬಿಟ್ಟು ಹಿಡಿದು ಬಿಟ್ಟು, ಕಡೆಗೆ ಕೇಳಿದ: "ದೀದಿ, ಇದಕ್ಕೆ ಎಂಜಿನ್ ಎಲ್ಲಿ?" ಇಲ್ಲ ಅಂದಾಗ ಅವನ ಮುಖದಲ್ಲಿ ಕಂಡದ್ದು ಮೆಚ್ಚುಗೆಯಲ್ಲ, ಕನಿಕರ.

ಚಿಚಮ್ ಸೇತುವೆ 2017ರಲ್ಲಿ ಆಯಿತು. ಕೆಳಗೆ ಕಮರಿ ಎಷ್ಟು ಕಡಿದಾಗಿದೆ ಅಂದರೆ ನೀರಿನ ಸದ್ದು ಬರುತ್ತದೆ, ನೀರು ಹುಡುಕಬೇಕು. ಸೇತುವೆಯ ಆಚೆ ತುದಿಯಲ್ಲಿ ಕತ್ತೆಗಳ ಬೆನ್ನಿಂದ ಹುಲ್ಲಿನ ಹೊರೆ ಇಳಿಸುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಸೇತುವೆ ಬರುವ ಮೊದಲು ಇಲ್ಲಿ ತಂತಿಗೆ ತೂಗುಹಾಕಿದ ಬುಟ್ಟಿ ಇತ್ತು. ಅದರಲ್ಲಿ ಕೂತು ಹಗ್ಗ ಎಳೆದುಕೊಂಡು ದಾಟಬೇಕು. "ಮೇಕೆ ದಾಟಿಸುವುದು ಕಷ್ಟ. ಮನುಷ್ಯ ಕಣ್ಣು ಮುಚ್ಚಿಕೊಳ್ಳುತ್ತಾನೆ, ಮೇಕೆ ಮುಚ್ಚಿಕೊಳ್ಳಲ್ಲ" ಅಂದರು. ಆಮೇಲೆ ಎರಡನೇ ಪ್ರಶ್ನೆ. ಎಂಟೂವರೆ ಅಂದೆ. ಲೊಚ್. "ಈಗಲೇ ಹನ್ನೆರಡು ದಾಟಿದೆ, ಬೇಟಿ."

ಚಿಚಮ್ ದಾಟಿದ ಮೇಲಿನ ಎರಡು ಗಂಟೆಯನ್ನು ಹೇಗೆ ಹೇಳಲಿ? ದಾರಿ ಗುಡ್ಡದ ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ ಸುತ್ತುತ್ತದೆ. ಎಡಕ್ಕೆ ಕೆಳಗೆ ಸ್ಪಿತಿ ನದಿ ಹತ್ತಾರು ಎಳೆಯಾಗಿ ಬಿಚ್ಚಿಕೊಂಡು ಹರಡಿದೆ. ಸಣ್ಣ ಜಲ್ಲಿ, ಗಟ್ಟಿ ಮಣ್ಣು, ಟೈರಿನಡಿ ಸಕ್ಕರೆ ಮೇಲೆ ನಡೆದಂಥ ಸದ್ದು. ಒಂದು ಕಡೆ ಇಪ್ಪತ್ತು ಮೂವತ್ತು ಭರಲ್‌ಗಳ ಹಿಂಡು ದಾರಿಯಲ್ಲೇ ನಿಂತಿತ್ತು. ಭರಲ್ ಅಂದರೆ ಅಲ್ಲಿನ ಕಾಡುಕುರಿ. ಮಣ್ಣಿನದೇ ಬಣ್ಣ, ಹಾಗಾಗಿ ಅವು ಅಲುಗಾಡುವ ತನಕ ನನಗೆ ಕಂಡೇ ಇರಲಿಲ್ಲ. ಕಿಬ್ಬರ್ ಅಭಯಾರಣ್ಯದ ಸೀಮೆ ಇದು. ಚಳಿಗಾಲದಲ್ಲಿ ಇವುಗಳ ಹಿಂದೆಯೇ ಹಿಮಚಿರತೆ ಇಳಿದು ಬರುತ್ತದೆ, ಅದರ ಹಿಂದೆ ಕ್ಯಾಮೆರಾದವರು. ಮೋಟಾರಿನ ಸದ್ದಿಲ್ಲದ ಕಾರಣಕ್ಕೋ ಏನೋ, ಭರಲ್‌ಗಳು ನನ್ನನ್ನು ಬಹಳ ಹೊತ್ತು ನೋಡಿ, ಆಮೇಲೆ ಆತುರವಿಲ್ಲದೆ ಕೆಳಗಿಳಿದವು.

ಹೆದ್ದಾರಿಗೆ ಸೇರುವಾಗ ಮೂರೂವರೆ. ಗಾಳಿ ಎದ್ದಿತ್ತು. ಆದರೆ ಈ ಸಲ ಬೆನ್ನಿಗೆ! ಕಣಿವೆಯ ಕೆಳಗಿನಿಂದ ಮೇಲಕ್ಕೆ ಬೀಸುವ ಗಾಳಿ, ನಾನೂ ಮೇಲಕ್ಕೇ ಹೊರಟವಳು. ಜಾಕೆಟ್ ಬಿಚ್ಚಿ ಹಾಯಿಯಂತೆ ಹಿಡಿಯಬೇಕೆನಿಸಿತು. ಹನ್ಸಾದ ಬಟಾಣಿ ಹೊಲದಲ್ಲಿ ಮೂಟೆ ಕಟ್ಟುತ್ತಿದ್ದ ಹೆಂಗಸರು ನನ್ನನ್ನು ಕರೆದು ನಿಲ್ಲಿಸಿ, ಹ್ಯಾಂಡಲಿನ ಚೀಲಕ್ಕೆ ಎರಡು ಬೊಗಸೆ ಬಟಾಣಿ ತುಂಬಿದರು. ಬಯಲುಸೀಮೆಯಲ್ಲಿ ಹಸಿ ಬಟಾಣಿ ಸಿಗದ ಕಾಲ, ಹಾಗಾಗಿ ಸ್ಪಿತಿಯದಕ್ಕೆ ಒಳ್ಳೆ ರೇಟು. ಲಾರಿ ರಾತ್ರಿಯೇ ಕುಂಜುಮ್ ದಾಟಿ ಹೋಗುತ್ತದಂತೆ. ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡರೆ ಕಬ್ಬಿನಷ್ಟು ಸಿಹಿ. ಲೋಸರ್ ತನಕ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಬಟಾಣಿ.

ತಡವಾಗಿ ಹೊರಟರೂ ಏನೂ ಆಗಲ್ಲ, ಇವರೆಲ್ಲ ಸುಮ್ನೆ ಹೆದರಿಸುತ್ತಾರೆ ಎಂಬ ಅಭಿಪ್ರಾಯಕ್ಕೆ ನಾನು ಬಂದದ್ದು ಈ ಸಂಜೆ.

ಲೋಸರ್ ಸ್ಪಿತಿಯ ಕೊನೆಯ ಊರು, ನಾಲ್ಕು ಸಾವಿರ ಮೀಟರಿಗೂ ಮೇಲೆ. ಪೊಲೀಸ್ ಚೌಕಿಯಲ್ಲಿ ಹೆಸರು ಬರೆಸಿದೆ. ಹೋಂಸ್ಟೇಯಲ್ಲಿ ಊಟ ತಿಂಡಿ ಸೇರಿ ಸಾವಿರದ ಇನ್ನೂರು. ಬಿಳಿ ಗೋಡೆ, ಕಿಟಕಿಗೆ ಕಪ್ಪು ಅಂಚು, ಮಾಳಿಗೆಯ ಸುತ್ತ ಚಳಿಗಾಲಕ್ಕೆ ಒಟ್ಟಿದ ಕಟ್ಟಿಗೆ. ಒಳಗೆ ನಡುಮನೆಯಲ್ಲಿ ಸಗಣಿ ಬೆರಣಿ ಹಾಕಿ ಉರಿಸುವ ಕಬ್ಬಿಣದ ಒಲೆ, ಸುತ್ತ ಚಾಪೆ. ಮನೆಯ ಅಜ್ಜಿಗೆ ಹಿಂದಿ ಅಷ್ಟಕ್ಕಷ್ಟೇ, ನನ್ನದೂ ಅಷ್ಟೇ, ಹಾಗಾಗಿ ಮಾತು ಚೆನ್ನಾಗಿ ನಡೆಯಿತು. ನಾಳೆ ಕುಂಜುಮ್ ದಾಟಿ ಕೆರೆ ಇರುವ ಚಂದ್ರತಾಲ್‌ಗೆ ಅಂದೆ. ಅಜ್ಜಿ ಐದು ಬೆರಳು ತೋರಿಸಿದರು. ಐದು ಗಂಟೆಗೆ ಹೊರಡು ಅಂತ. ಮೊಮ್ಮಗಳು ನಗುತ್ತಾ ಉಳಿದದ್ದನ್ನು ಹೇಳಿದಳು: "ನಾಲಾ ಬೆಳಿಗ್ಗೆ ಮೇಕೆಮರಿ, ಮಧ್ಯಾಹ್ನ ಯಾಕ್ ಅಂತಾರೆ ಅಜ್ಜಿ." ನಾಲಾ ಅಂದರೆ ದಾರಿಗೆ ಅಡ್ಡ ಹರಿಯುವ ಹಿಮದ ನೀರಿನ ಹಳ್ಳ.

ಮೂರನೇ ದಿನ: ಲೋಸರ್, ಕುಂಜುಮ್, ಬಾತಲ್, ಮತ್ತು ಆ ನಾಲಾ

ಐದಕ್ಕೆ ಅಲಾರಂ ಹೊಡೆಯಿತು. ಕಿಟಕಿಯಾಚೆ ಕತ್ತಲು, ರಜಾಯಿಯೊಳಗೆ ಸ್ವರ್ಗ. ಮುಂದೇನು ನಡೆಯಿತು ಅಂತ ಹೇಳಬೇಕಾಗಿಲ್ಲ.

ಏಳಕ್ಕೆ ಎದ್ದು ನೋಡಿದರೆ ಮುಂದಿನ ಟೈರು ನೆಲಕ್ಕೆ ಅಂಟಿದೆ. ಟ್ಯೂಬ್‌ಲೆಸ್ ಟೈರು, ಒಳಗೆ ತೂತು ಮುಚ್ಚುವ ಅಂಟಿನ ದ್ರವ ಇರಬೇಕು. ಹೊರಡುವ ಮೊದಲು ತುಂಬಿಸಿದ್ದು ಯಾವಾಗ ಅಂತ ನೆನಪು ಮಾಡಿಕೊಂಡೆ. ಯುಗಾದಿಗೆ ಮುಂಚೆ. ಅದು ಒಣಗಿ ಹಾಳೆಯಾಗಿತ್ತು. ಟ್ಯೂಬ್ ಹಾಕಿ ಪುಟ್ಟ ಪಂಪಿನಲ್ಲಿ ಗಾಳಿ ಹೊಡೆಯಬೇಕು. ಇನ್ನೂರು ಸಲ. ಅಷ್ಟು ಎತ್ತರದಲ್ಲಿ ಇಪ್ಪತ್ತು ಹೊಡೆದರೆ ಎರಡು ನಿಮಿಷ ಕೂರಬೇಕು. ಅಜ್ಜಿ ಬಾಗಿಲಲ್ಲಿ ಕೂತು ಜಪಮಾಲೆ ತಿರುಗಿಸುತ್ತಾ ಎಲ್ಲವನ್ನೂ ನೋಡಿದರು. ಹೊರಡುವಾಗ ಒಂಬತ್ತಕ್ಕೆ ಹತ್ತು ನಿಮಿಷ. ಅವರು ಲೊಚಗುಟ್ಟಲಿಲ್ಲ, ಎರಡು ರೊಟ್ಟಿ ಜಾಸ್ತಿ ಕಟ್ಟಿಕೊಟ್ಟರು. ಅದು ಇನ್ನೂ ಕೆಟ್ಟ ಸೂಚನೆ ಅಂತ ಆಗ ಹೊಳೆಯಲಿಲ್ಲ.

ಕುಂಜುಮ್‌ಗೆ ಸುಮಾರು ಹತ್ತೊಂಬತ್ತು ಕಿಲೋಮೀಟರ್. ಮೊದಲು ನದಿ ಬಯಲಿನ ಪಕ್ಕ ಸಲೀಸು, ಆಮೇಲೆ ಏರು. ಟಾರು ಅಲ್ಲಲ್ಲಿ ಬಂದು ಹೋಗುತ್ತದೆ, ಉಳಿದಂತೆ ಜಲ್ಲಿ ಮತ್ತು ರಸ್ತೆ ಕೆಲಸದ ಧೂಳು. ಒಂದು ತಿರುವಿನಲ್ಲಿ ರಸ್ತೆ ಕೆಲಸದವರು ಡಬ್ಬಿಯಲ್ಲಿ ಚಹಾ ಕಾಯಿಸುತ್ತಿದ್ದರು. ಜಾರ್ಖಂಡ್‌ನ ದುಮ್ಕಾ ಕಡೆಯವರು. ಬೇಸಿಗೆ ಪೂರ್ತಿ ಇಲ್ಲೇ, ಹಿಮ ಬೀಳುವ ಹೊತ್ತಿಗೆ ಊರಿಗೆ. ಹಿಮಾಲಯದ ಎಷ್ಟೋ ರಸ್ತೆಗಳನ್ನು ಕಡಿದು ಕಟ್ಟಿದವರು ಆ ಸೀಮೆಯವರೇ. ನಾವು ಫೋಟೊ ಹಾಕುವಾಗ ಅವರ ನೆನಪು ಬರುವುದು ಕಡಿಮೆ. ಅವರಲ್ಲೊಬ್ಬ ಹುಡುಗ ಚಹಾದ ಲೋಟ ಕೊಟ್ಟು ಎರಡೂ ಪ್ರಶ್ನೆ ಒಟ್ಟಿಗೆ ಕೇಳಿದ. ಉತ್ತರ ಕೇಳಿ ಪಕ್ಕದವನ ಮುಖ ನೋಡಿದ. "ದೀದಿ, ಚಂದ್ರತಾಲ್ ನಾಳೆಯೂ ಅಲ್ಲೇ ಇರುತ್ತೆ" ಅಂದ. ನಾನು ನಕ್ಕೆ. ಅವನು ತಮಾಷೆಗೆ ಹೇಳಿರಲಿಲ್ಲ.

ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ ಅರ್ಧ ತಳ್ಳಿದೆ. ಸೈಕಲ್ ತಳ್ಳುವುದರಲ್ಲಿ ನಾಚಿಕೆ ಏನಿಲ್ಲ, ಆದರೆ ತಳ್ಳುವುದು ತುಳಿಯುವುದಕ್ಕಿಂತ ಸುಲಭ ಅನ್ನುವುದು ಸುಳ್ಳು. ಮಧ್ಯಾಹ್ನ ಒಂದಕ್ಕೆ ಕುಂಜುಮ್ ಮೇಲಿದ್ದೆ. 4,550 ಮೀಟರಿನಷ್ಟು ಎತ್ತರ, ಬಣ್ಣದ ಪ್ರಾರ್ಥನಾ ಪತಾಕೆಗಳು ಹುಚ್ಚೆದ್ದು ಪಟಪಟಿಸುತ್ತಿದ್ದವು. ಗಾಡಿಯವರೆಲ್ಲ ಕುಂಜುಮ್ ಮಾತೆಯ ಗುಡಿಗೆ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತಾರೆ. ನಾನೂ ಸೈಕಲ್ಲಿನಲ್ಲೇ ಸುತ್ತು ಹಾಕಿದೆ. ಈಚೆಗೆ ಬಿದ್ದ ನೀರು ಸ್ಪಿತಿಗೆ, ಅಲ್ಲಿಂದ ಸತ್ಲೆಜ್‌ಗೆ. ಆಚೆಗೆ ಬಿದ್ದದ್ದು ಚಂದ್ರಾ ನದಿಗೆ, ಅಲ್ಲಿಂದ ಚೆನಾಬ್‌ಗೆ. ಬಾಟಲಿಯಲ್ಲಿ ಉಳಿದ ಗುಟುಕು ನೀರನ್ನು ಗಡಿಯ ಮೇಲೆ ಚೆಲ್ಲಿ ನೋಡಿದೆ. ಎರಡೂ ಕಡೆ ಹೋಗಲಿಲ್ಲ, ಧೂಳು ಕುಡಿದುಬಿಟ್ಟಿತು.

ಇಳಿಜಾರು ಬಾತಲ್‌ವರೆಗೆ ಹನ್ನೊಂದು ಹನ್ನೆರಡು ಕಿಲೋಮೀಟರ್, ತಿರುವಿನ ಮೇಲೆ ತಿರುವು. ಎದುರುಗಾಳಿ ಹಳೆಯ ಗೆಳೆಯನಂತೆ ಕಾದಿತ್ತು. ಅದಕ್ಕಿಂತ ಜಾಸ್ತಿ ಕಾಡಿದ್ದು ದಾರಿಯ ಮೇಲ್ಮೈ. ಗಾಡಿ ಚಕ್ರಗಳು ಕುಪ್ಪಳಿಸಿ ಕುಪ್ಪಳಿಸಿ ಸಡಿಲ ಮಣ್ಣಿನ ದಾರಿಯಲ್ಲಿ ಅಡ್ಡಡ್ಡ ಏಣು ಎದ್ದಿರುತ್ತವೆ, ಹೆಂಚಿನ ತಗಡು ಹಾಸಿದ ಹಾಗೆ. ನಿಧಾನಕ್ಕೆ ಹೋದರೆ ಒಂದೊಂದು ಏಣೂ ಹಲ್ಲಿಗೆ ಬಡಿಯುತ್ತದೆ. ಜೋರಾಗಿ ಹೋದರೆ ಏಣಿನ ತಲೆಯ ಮೇಲೆ ತೇಲಬಹುದು, ಆದರೆ ಆಗ ಬ್ರೇಕು ಹಿಡಿಯಲ್ಲ, ಪಕ್ಕದಲ್ಲಿ ಪ್ರಪಾತ. ನಿಧಾನಕ್ಕೇ ಹೋದೆ. ಎಡಗೈಯ ಎರಡು ಬೆರಳು ಜೋಮು ಹಿಡಿದದ್ದು ಮನೆಗೆ ಬಂದು ಹತ್ತು ದಿನಕ್ಕೆ ಬಿಟ್ಟಿತು. ಗ್ಲೌಸು ದಪ್ಪನೆಯದು ಹಾಕಿಕೊಳ್ಳಿ, ಆಗಾಗ ನಿಂತು ಕೈ ಕೊಡವಿ.

ಬಾತಲ್ ಇನ್ನೂ ಎರಡು ಮೂರು ಕಿಲೋಮೀಟರ್ ಇರುವಾಗಲೇ ಚಂದ್ರತಾಲ್ ದಾರಿ ಬಲಕ್ಕೆ ಒಡೆಯುತ್ತದೆ. ಬುದ್ಧಿ ಇದ್ದವರು ಅಲ್ಲೇ ತಿರುಗುತ್ತಾರೆ. ನನಗೆ ಹಸಿವಾಗಿತ್ತು. ಅಜ್ಜಿಯ ರೊಟ್ಟಿ ಕುಂಜುಮ್‌ನಲ್ಲೇ ಖಾಲಿ. ಸೇತುವೆ ದಾಟಿ ಬಾತಲ್‌ಗೆ ಹೋದೆ. ಊರಲ್ಲ ಅದು, ಕಲ್ಲು ಜೋಡಿಸಿ ತಾಡಪಾಲು ಹೊದಿಸಿದ ನಾಲ್ಕು ಢಾಬಾ. ರಾಜ್ಮಾ ಅನ್ನ. ಈ ಎತ್ತರದಲ್ಲಿ ನೀರು ನೂರು ಡಿಗ್ರಿಗೆ ಬಹಳ ಮೊದಲೇ ಕುದಿದುಬಿಡುತ್ತದೆ, ಕುಕ್ಕರ್ ಇಲ್ಲದೆ ರಾಜ್ಮಾ ಬೇಯುವ ಮಾತೇ ಇಲ್ಲ. ಕುಕ್ಕರ್ ಒಂದರ ಹಿಂದೊಂದು ಸೀಟಿ ಹೊಡೆಯುತ್ತಿತ್ತು. ಎರಡನೇ ಸಲ ಬಡಿಸಿಕೊಂಡೆ. ಢಾಬಾದ ಚಾಚಾ ಗಡಿಯಾರ ನೋಡಿದರು, ನನ್ನನ್ನು ನೋಡಿದರು. "ಇವತ್ತು ಇಲ್ಲೇ ಮಲಗು, ಹಾಸಿಗೆ ಇದೆ. ನಾಲಾ ಈಗ ತುಂಬಿರುತ್ತೆ." ಮೂರು ಗಂಟೆ. ಹದಿನಾಲ್ಕೇ ಕಿಲೋಮೀಟರ್. ನಿನ್ನೆ ಬೆನ್ನಿಗೆ ಬಂದ ಗಾಳಿ ನೆನಪಾಯಿತು. ಹೊರಟೆ.

ಆ ದಾರಿ ಮಾತ್ರ ನಾನು ತುಳಿದ ದಾರಿಗಳಲ್ಲೇ ಚೆಂದದ್ದು. ಒಂದು ಗಾಡಿ ಮಾತ್ರ ಹಿಡಿಸುವಷ್ಟು ಅಗಲ, ಒಂದು ಕಡೆ ಬಂಡೆ, ಕೆಳಗೆ ಬೂದು ಬಣ್ಣದ ಚಂದ್ರಾ ನದಿ, ಆಚೆ ದಡದಲ್ಲಿ ಹಿಮ ಹೊದ್ದ ಸಾಲು ಶಿಖರಗಳು. ಫೋನಿನಲ್ಲಿ ಲೋಸರ್ ಬಿಟ್ಟಾಗಿನಿಂದ ಸಿಗ್ನಲ್ ಇರಲಿಲ್ಲ, ಈಗ ಅದನ್ನು ನೋಡುವ ಚಟವೂ ಹೋಗಿತ್ತು. ನಾಲಾದ ಸದ್ದು ಮೊದಲು ಕೇಳಿತು. ದೂರದಲ್ಲಿ ಲಾರಿ ಬರುತ್ತಿದೆ ಅಂದುಕೊಂಡೆ. ಲಾರಿ ಬರಲೇ ಇಲ್ಲ.

ದಾರಿಗೆ ಅಡ್ಡವಾಗಿ ಕಾಫಿ ಬಣ್ಣದ ನೀರು ನೊರೆಯೆದ್ದು ಹರಿಯುತ್ತಿತ್ತು. ಒಳಗೆ ಕಲ್ಲುಗಳು ಉರುಳಿ ಒಂದಕ್ಕೊಂದು ಬಡಿಯುವ ಗುಡುಗುಡು. ಬೆಳಗಿನಿಂದ ಬಿಸಿಲಿಗೆ ಕರಗಿದ ಹಿಮ ಮೇಲಿನಿಂದ ಇಳಿದು ಇಲ್ಲಿಗೆ ಬರುವ ಹೊತ್ತು ಇದೇ. ಈ ದಡದಲ್ಲಿ ಗದ್ದಿ ಸಮುದಾಯದ ಕುರುಬರೊಬ್ಬರು ಉಣ್ಣೆಯ ಕೋಟು ಹಾಕಿಕೊಂಡು ಬಂಡೆಗೆ ಒರಗಿ ಬೀಡಿ ಸೇದುತ್ತಿದ್ದರು. ಸುತ್ತ ಇನ್ನೂರು ಮುನ್ನೂರು ಕುರಿ ಮೇಕೆ, ಎರಡು ದೊಡ್ಡ ನಾಯಿ. ಎಲ್ಲವೂ ಆರಾಮಾಗಿ ಕೂತಿದ್ದವು.

"ಕಾಯ್ತಿದ್ದೀರಾ?" ಅಂದೆ.

"ಕುರಿಗಳು ಈ ಹೊತ್ತಿಗೆ ನೀರಿಗೆ ಇಳಿಯಲ್ಲ" ಅಂದರು. ಸೈಕಲ್ ನೋಡಿದರು. "ನೀನು ಇಳಿತೀಯಾ?"

ಇಳಿದೆ. ಪುಸ್ತಕದ ಪಾಠ ಗೊತ್ತಿತ್ತು. ನೀರು ಅಗಲವಾಗಿ ಹರಡಿದ ಕಡೆಯೇ ದಾಟಬೇಕು, ಅಲ್ಲಿ ಆಳ ಕಡಿಮೆ. ಶೂ ಬಿಚ್ಚಬಾರದು, ಕಾಣದ ಕಲ್ಲಿಗೆ ಕಾಲು ಸಿಕ್ಕೀತು. ಸೈಕಲ್ ನೀರು ಹರಿದು ಹೋಗುವ ಕಡೆ, ನಾವು ನೀರು ಬರುವ ಕಡೆ. ಅದು ತಿರುಗಿಬಿದ್ದರೆ ನಮ್ಮ ಮೇಲೆ ಬೀಳಬಾರದು. ಮೂರು ಹೆಜ್ಜೆಗೆ ಮೊಣಕಾಲು. ಚಳಿ ಅಲ್ಲ ಅದು, ನೋವು. ಐದನೇ ಹೆಜ್ಜೆಗೆ ತೊಡೆ. ಹಿಂದಿನ ಚಕ್ರವನ್ನು ನೀರು ಎತ್ತಿ ಪಕ್ಕಕ್ಕೆ ತಿರುಗಿಸಿತು. ಸೈಕಲ್ಲನ್ನು ನಾನು ಹಿಡಿದಿದ್ದೇನೋ ಅದು ನನ್ನನ್ನು ಎಳೆಯುತ್ತಿದೆಯೋ ಗೊತ್ತಾಗಲಿಲ್ಲ. ಒಂದು ಬಾಟಲಿ ಕಳಚಿ, ಒಮ್ಮೆ ಮುಳುಗಿ, ಎದ್ದು, ಚೆನಾಬ್ ಕಡೆ ಹೊರಟುಹೋಯಿತು. ಹೇಗೆ ವಾಪಸ್ ತಿರುಗಿದೆನೋ ಸರಿಯಾಗಿ ನೆನಪಿಲ್ಲ. ದಡಕ್ಕೆ ಬಂದಾಗ ಕುರುಬರು ನೀರಿಗಿಳಿದು ಸೈಕಲ್ಲಿನ ಸೀಟು ಹಿಡಿದುಕೊಂಡಿದ್ದರು.

ಅವರು ಬೈಯಲಿಲ್ಲ. ಒಣಗಿದ ಸಗಣಿಗೆ ಬೆಂಕಿ ಹಚ್ಚಿ ಕೂರಿಸಿದರು. ಮುಕ್ಕಾಲು ಗಂಟೆ ಕಳೆದ ಮೇಲೆ ಟೆಂಟ್ ಕ್ಯಾಂಪಿಗೆ ತರಕಾರಿ ಒಯ್ಯುವ ಪಿಕಪ್ ಬಂತು. ಡ್ರೈವರ್ ಹುಡುಗ ಸೈಕಲ್ಲನ್ನು ಎಲೆಕೋಸಿನ ಮೂಟೆಗಳ ಮೇಲೆ ಎಸೆದ. ಬಾನೆಟ್ ತನಕ ನೀರೆರಚಿಕೊಂಡು ಗಾಡಿ ಓಲಾಡುತ್ತಾ ದಾಟುವಾಗ ನಾನು ಕಿಟಕಿಯ ಹಿಡಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಚಿಚಮ್‌ನ ಹಿರಿಯರು ಹೇಳಿದ್ದು ಸರಿ. ಹುಡುಗ ಕೇಳಿದ, "ಎಷ್ಟು ಹೊತ್ತಿಗೆ ಹೊರಟಿರಿ ದೀದಿ?" ನಾನು ಸುಳ್ಳು ಹೇಳಿದೆ. ಏಳು ಅಂದೆ. ಏಳಕ್ಕೂ ಲೊಚಗುಟ್ಟಿದ.

ನಾಲ್ಕನೇ ದಿನ: ಚಂದ್ರತಾಲ್

ಈ ಸಲ ಅಲಾರಂ ಬೇಕಾಗಲಿಲ್ಲ. ಟೆಂಟಿನಲ್ಲಿ ಚಳಿಗೆ ನಾಲ್ಕಕ್ಕೇ ಎಚ್ಚರ. ಹೊರಗಿಟ್ಟ ಒದ್ದೆ ಶೂ ಮರದ ತುಂಡಿನಷ್ಟು ಗಟ್ಟಿಯಾಗಿತ್ತು, ಲೇಸು ಕಡ್ಡಿಯ ಹಾಗೆ ನಿಂತಿತ್ತು. ಒಣ ಸಾಕ್ಸಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ಕಾಲು ತುರುಕಿದೆ.

ಚಂದ್ರತಾಲ್ 2005ರಿಂದ ರಾಮ್ಸಾರ್ ಪಟ್ಟಿಯಲ್ಲಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಯಲ್ಲಿ. ಕೆರೆಯ ದಡದಲ್ಲಿ ಟೆಂಟ್ ಹಾಕುವಂತಿಲ್ಲ, ಕ್ಯಾಂಪ್‌ಗಳೆಲ್ಲ ಎರಡು ಮೂರು ಕಿಲೋಮೀಟರ್ ದೂರ. ಗಾಡಿ ನಿಲ್ಲಿಸುವ ಜಾಗದಿಂದ ಮುಂದೆ ನಡೆದೇ ಹೋಗಬೇಕು. ಅಲ್ಲಿಗೆ ಸೈಕಲ್ಲಿನಲ್ಲಿ ಹೋಗಿ, ಬಂಡೆಗೆ ಒರಗಿಸಿ ನಡೆದೆ. ದಿಬ್ಬ ಏರಿದರೆ ಕೆಳಗೆ ಕೆರೆ. ಗಾಳಿ ಇನ್ನೂ ಎದ್ದಿರಲಿಲ್ಲ. ಶಿಖರದ ತುದಿಗೆ ಬಿದ್ದ ಮೊದಲ ಬಿಸಿಲು ನೀರಿನಲ್ಲೂ ಹಾಗೇ ಇತ್ತು, ಒಂದು ಗೆರೆಯೂ ಅಲುಗದೆ. ನನ್ನ ಬಿಟ್ಟರೆ ಒಂದು ಜೋಡಿ ಬಾತುಕೋಳಿ. ಬಹಳ ಹೊತ್ತು ಕೂತೆ. ಏಳು ಗಂಟೆ ಸುಮಾರಿಗೆ ಮೊದಲ ಗಾಳಿ ಬಂದು ಕನ್ನಡಿಯನ್ನು ಕದಡಿತು. ಎದ್ದುಬಂದೆ.

ವಾಪಸ್ ಬರುವಾಗ ಕುರಿಮಂದೆ ಎದುರು ಬಂತು. ದಾರಿ ತುಂಬಾ ಉಣ್ಣೆ. ಸೈಕಲ್ ಎತ್ತಿ ಬಂಡೆಗೆ ಅಂಟಿಕೊಂಡು ನಿಂತೆ. ಕುರುಬರು ಕೊನೆಯಲ್ಲಿ ಬಂದರು, ತೋಳಿನಲ್ಲಿ ಒಂದು ಮರಿ.

"ಎಷ್ಟು ಹೊತ್ತಿಗೆ ದಾಟಿದಿರಿ?" ಈ ಸಲ ಕೇಳಿದ್ದು ನಾನು.

"ಬೆಳಕು ಹರಿಯೋ ಮುಂಚೆ" ಅಂದರು. ನನ್ನ ಶೂನಿಂದ ಇಣುಕುತ್ತಿದ್ದ ಪ್ಲಾಸ್ಟಿಕ್ ಕವರ್ ನೋಡಿ ನಕ್ಕು, ಮಂದೆಯ ಹಿಂದೆ ಹೋದರು.

ನಾಲಾದ ಹತ್ತಿರ ಬಂದಾಗ ಜಾಗ ತಪ್ಪಿದೆನಾ ಅನ್ನಿಸಿತು. ಸದ್ದೇ ಇಲ್ಲ. ಕಲ್ಲುಗಳ ನಡುವೆ ತಿಳಿ ನೀರು ಗೇಣಗಲಕ್ಕೆ ಹರಿಯುತ್ತಿತ್ತು, ಅಂಚಿನಲ್ಲಿ ತೆಳ್ಳಗೆ ಐಸು. ಎರಡೂ ದಡದ ಕೆಸರಿನಲ್ಲಿ ನೂರಾರು ಗೊರಸಿನ ಗುರುತು. ಸೈಕಲ್ ಹೆಗಲಿಗೆ ಹಾಕಿಕೊಂಡು ನಾಲ್ಕು ಕಲ್ಲು ಹಾರಿ ದಾಟಿದೆ. ಹೊಸದಾಗಿ ಒಂದು ಹನಿ ನೀರೂ ತಾಗಲಿಲ್ಲ. ಶೂ ಮಾತ್ರ ನಿನ್ನೆಯದೇ ನೀರಿನಲ್ಲಿ ಪಚಪಚ ಅನ್ನುತ್ತಿತ್ತು.